ಎಡಿಸನ್ ‘ಟೌನ್‌ಶಿಪ್’ ಅನ್ನೋದನ್ನು ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿರುವ ಮಕ್ಕಳ ಮನೆಗೆ ಬಂದು ಕೆಲವು ತಿಂಗಳು ಇರುವ ಹಿರಿಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕನ್ನಡ ಮಾತ್ರ ಓದಬಲ್ಲವರಿಗೂ ಆ ಜಾಗ ಅರ್ಥವಾಗಬೇಕು, ಯಾರನ್ನೂ ಕೇಳದೆ ರೈಲು ಹತ್ತುವಂತಾಗಬೇಕು ಅನ್ನೋದು ನನ್ನ ಆಸೆ. ಆದರೆ ಮೊದಲ ಸಾಲಿನಲ್ಲೇ ‘ಟೌನ್‌ಶಿಪ್’ ಅನ್ನುವ ಪದ ಅಡ್ಡ ನಿಂತಿದೆ.

ಈ ಪದ ನಮಗೆ ಮೊದಲೇ ಗೊತ್ತು. ತೊಂದರೆ ಇರೋದೇ ಅಲ್ಲಿ. ಕುದುರೆಮುಖದ ಟೌನ್‌ಶಿಪ್, ಕೈಗಾ ನೌಕರರ ಟೌನ್‌ಶಿಪ್ ಅಂದರೆ ನಮ್ಮ ಮನಸ್ಸಿಗೆ ಬರುವುದು ಕಂಪನಿಯ ಕ್ವಾರ್ಟರ್ಸ್, ಅದರದೇ ಶಾಲೆ, ಆಸ್ಪತ್ರೆ. ಈಗ ಬಿಲ್ಡರುಗಳ ಜಾಹೀರಾತಿನಲ್ಲೂ ಇದೇ ಪದ. ‘ಎಡಿಸನ್ ಒಂದು ಟೌನ್‌ಶಿಪ್’ ಅಂತ ಬರೆದು ಸುಮ್ಮನಾದರೆ, ಓದುವವರು ಕಾಂಪೌಂಡ್ ಒಳಗಿನ ಬಡಾವಣೆ ಅಂದುಕೊಳ್ಳುತ್ತಾರೆ.

ಅಲ್ಲಿರುವುದು ಬೇರೆಯೇ. ಎಡಿಸನ್ ಸುಮಾರು 30 ಚದರ ಮೈಲಿಯ ಜಾಗ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1,07,588. ದಕ್ಷಿಣಕ್ಕೆ ರಾರಿಟನ್ ನದಿ. 1870ರಲ್ಲಿ ಟೌನ್‌ಶಿಪ್ ಆದಾಗ ಇಟ್ಟ ಹೆಸರೂ ರಾರಿಟನ್ ಅಂತಲೇ. 1954ರಲ್ಲಿ ಅದನ್ನು ಎಡಿಸನ್ ಅಂತ ಬದಲಾಯಿಸಿದರು. ಥಾಮಸ್ ಎಡಿಸನ್ 1879ರಲ್ಲಿ ಬಲ್ಬ್ ಉರಿಸಿ ತೋರಿಸಿದ ಮೆನ್ಲೋ ಪಾರ್ಕ್ ಈ ಟೌನ್‌ಶಿಪ್ಪಿನ ಒಳಗೇ ಇದೆ.

ಪೇಟೆಬೀದಿ, ಬಸ್‌ಸ್ಟ್ಯಾಂಡು ಅಂತ ಒಂದು ನಡುಭಾಗ ಇದಕ್ಕಿಲ್ಲ. ಮೆನ್ಲೋ ಪಾರ್ಕ್, ಓಕ್ ಟ್ರೀ ತರಹದ ಹಲವು ಊರುಗಳು ಸೇರಿ ಒಂದು ಟೌನ್‌ಶಿಪ್. ಅದರ ನಡುವೆಯೇ ಇರುವ ಮೆಟಚನ್ ಮಾತ್ರ ಎಡಿಸನ್‌ಗೆ ಸೇರಿಲ್ಲ! 1900ರಲ್ಲಿ ಬೇರೆಯಾಗಿ ‘ಬರೋ’ (borough), ಅಂದರೆ ತನ್ನದೇ ಆಡಳಿತದ ಊರು, ಆಯಿತು. ಈಗ ಅದರ ನಾಲ್ಕೂ ಕಡೆ ಎಡಿಸನ್ನೇ.

ಹಾಗಾಗಿ ‘ಪಟ್ಟಣ’ ಸರಿಹೋಗುವುದಿಲ್ಲ. ‘ಹೋಬಳಿ’ ಅನ್ನೋಣವೇ? ಹಲವು ಊರು ಸೇರಿದ ಪ್ರದೇಶ ಅನ್ನುವ ಮಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಹೋಬಳಿ ಕಂದಾಯದ ಲೆಕ್ಕಕ್ಕೆ ಮಾಡಿಕೊಂಡಿದ್ದು. ಅಲ್ಲಿ ನಾಡಕಚೇರಿ ಇರುತ್ತದೆ, ಚುನಾವಣೆ ಇರುವುದಿಲ್ಲ. ಸ್ವರೂಪ ನೋಡಿದರೆ ಗ್ರಾಮ ಪಂಚಾಯಿತಿಯೇ ಹತ್ತಿರ: ಹಲವು ಹಳ್ಳಿ, ಒಂದು ಚುನಾಯಿತ ಆಡಳಿತ. ಆದರೆ ಒಂದು ಲಕ್ಷ ಜನರಿರುವ, ಆರು ಪಥದ ಹೆದ್ದಾರಿ ಹಾಯುವ ಜಾಗಕ್ಕೆ ‘ಗ್ರಾಮ’ ಅಂದರೆ ಯಾರು ಒಪ್ಪುತ್ತಾರೆ? ಜನಸಂಖ್ಯೆ ನೋಡಿ ‘ನಗರಸಭೆ’ ಅಂದರೆ ಇನ್ನೊಂದು ತೊಡಕು. ನ್ಯೂಜೆರ್ಸಿಯಲ್ಲಿ ಬರೋ, ಸಿಟಿ, ಟೌನ್, ಟೌನ್‌ಶಿಪ್, ವಿಲೇಜ್ ಅಂತ ಐದು ಬಗೆಯ ಸ್ಥಳೀಯ ಆಡಳಿತಗಳಿವೆ. ನಮ್ಮಲ್ಲಿಯ ಹಾಗೆ ಜನ ಜಾಸ್ತಿಯಾದ ಮಾತ್ರಕ್ಕೆ ಒಂದರಿಂದ ಇನ್ನೊಂದಕ್ಕೆ ಬಡ್ತಿ ಸಿಗುವುದಿಲ್ಲ. ಸಿಟಿ ಮೇಲೆ, ಟೌನ್‌ಶಿಪ್ ಕೆಳಗೆ ಅನ್ನೋದೂ ಇಲ್ಲ.

ಇನ್ನೂ ಪಶ್ಚಿಮಕ್ಕೆ, ಒಹಾಯೊ ರಾಜ್ಯಕ್ಕೆ ಮತ್ತು ಅದರಾಚೆಗೆ ಹೋದರೆ ಇದೇ ಪದಕ್ಕೆ ಮತ್ತೊಂದು ಅರ್ಥವಿದೆ. ಅಲ್ಲಿ 1785ರ ಭೂ ಕಾಯ್ದೆಯಂತೆ ಆರು ಮೈಲಿ ಉದ್ದ, ಆರು ಮೈಲಿ ಅಗಲ ಅಳೆದ ಚೌಕವೂ ಟೌನ್‌ಶಿಪ್ಪೇ. ಕೈಪಿಡಿಗೆ ಅದು ಬೇಡ, ಆದರೆ ನಿಘಂಟು ಮಾಡುವವರು ಎರಡನ್ನೂ ಬೇರೆ ಬೇರೆ ಕೊಡಬೇಕು ಅಂತ ನನ್ನ ಕೋರಿಕೆ.

ಮೇಯರ್ ಪದವನ್ನು ಹಾಗೇ ಇಟ್ಟಿದ್ದೇನೆ, ಆದರೆ ಒಂದು ಸಾಲು ವಿವರಣೆ ಬೇಕು. ನಮ್ಮ ಪಾಲಿಕೆಗಳಲ್ಲಿ ಸದಸ್ಯರು ಸೇರಿ ಮೇಯರ್ ಆರಿಸುತ್ತಾರೆ, ದಿನದಿನದ ಆಡಳಿತ ಕಮಿಷನರ್ ಕೈಯಲ್ಲಿರುತ್ತದೆ. ಎಡಿಸನ್‌ನಲ್ಲಿ ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಮೇಯರ್‌ಗೆ ವೋಟು ಹಾಕುತ್ತಾರೆ, ಆಡಳಿತ ನಡೆಸುವುದೂ ಅವರೇ. ಜೊತೆಗೆ ಏಳು ಜನರ ಕೌನ್ಸಿಲ್. ವಾರ್ಡುಗಳಿಲ್ಲ, ಏಳೂ ಜನ ಇಡೀ ಟೌನ್‌ಶಿಪ್ಪಿನಿಂದ ಗೆದ್ದವರು. ಹಾಗಾಗಿ ‘ನಮ್ಮ ವಾರ್ಡಿನ ಮೆಂಬರು’ ಅಲ್ಲಿ ಸಿಗುವುದಿಲ್ಲ. ಕೌಂಟಿಗೆ ‘ಜಿಲ್ಲೆ’ ಅಂದರೆ ನನಗೆ ತಕರಾರಿಲ್ಲ.

ಈ ಗಡಿಗಳ ಗೊಂದಲ ಹಿರಿಯರಿಗೆ ಜಾಸ್ತಿ ತಟ್ಟುವುದು ಓಡಾಟದಲ್ಲಿ. ದೋಸೆ, ಸೀರೆ, ತರಕಾರಿಗೆ ಎಲ್ಲರೂ ಹೋಗುವ ಓಕ್ ಟ್ರೀ ರಸ್ತೆಯನ್ನು ಜನ ‘ಎಡಿಸನ್’ ಅಂತಲೇ ಕರೆಯುತ್ತಾರೆ. ಆದರೆ ಅದರ ಒಂದು ಭಾಗ ಐಸ್ಲಿನ್‌ನಲ್ಲಿದೆ. ಐಸ್ಲಿನ್‌ಗೆ ಸ್ವಂತ ಆಡಳಿತವಿಲ್ಲ, ಅದು ಪಕ್ಕದ ವುಡ್‌ಬ್ರಿಜ್ ಟೌನ್‌ಶಿಪ್ಪಿನ ಒಂದು ಊರು. ನ್ಯೂಯಾರ್ಕಿನಿಂದ ಲೋಕಲ್ ಟ್ರೇನಿನಲ್ಲಿ ಬರುವವರು ಎಡಿಸನ್ ಸ್ಟೇಷನ್ನಿನಲ್ಲಿ ಇಳಿದರೆ ಆ ಅಂಗಡಿಗಳು ದೂರವಾಗುತ್ತವೆ. ಅದಕ್ಕೂ ಮುಂಚೆ ಬರುವ, ಐಸ್ಲಿನ್‌ನ ಮೆಟ್ರೋಪಾರ್ಕ್ ಸ್ಟೇಷನ್ನೇ ಹತ್ತಿರ. ಅಂದರೆ ಇಲ್ಲಿ ಸರಿಯಾದ ಪದ ಸಿಕ್ಕರೆ ಒಬ್ಬರ ಮಧ್ಯಾಹ್ನ ಉಳಿಯುತ್ತದೆ. ಕಾರಿನಲ್ಲಿ ಬರುವವರಿಗೆ ಟರ್ನ್‌ಪೈಕ್ ಇದೆ. ಅದಕ್ಕೆ ‘ಟೋಲ್ ರಸ್ತೆ’ ಸಾಕು ಅಲ್ವಾ?

ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ಎಡಿಸನ್ ಟೌನ್‌ಶಿಪ್ ಅಂದರೆ ಹಲವು ಊರುಗಳಿಗೆ ಸೇರಿ ಇರುವ ಒಂದೇ ಸ್ಥಳೀಯ ಆಡಳಿತ.” ಹೆಸರಿನ ಭಾಗವಾಗಿ ಟೌನ್‌ಶಿಪ್ ಉಳಿಸಿ, ಮುಂದೆಲ್ಲ ‘ಊರಾಡಳಿತ’ ಅಂತ ಬಳಸಿದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ನಿಮ್ಮ ಕಡೆ ಹಲವು ಊರುಗಳ ಗುಂಪಿಗೆ ಮಾಗಣೆ, ಸೀಮೆ ತರಹದ ಪದ ಈಗಲೂ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಅದು ಎಷ್ಟು ದೊಡ್ಡ ಜಾಗಕ್ಕೆ ಸಲ್ಲುತ್ತದೆ ಅಂತಲೂ ಬರೆಯಿರಿ.