ಬಿಎಸ್6 ಪಿಕಪ್: ಊರೊಳಗಿನ ಓಡಾಟಕ್ಕೆ ಡೀಸೆಲ್ಲೋ ಪೆಟ್ರೋಲೋ?

ಪ್ರಶ್ನೆ – ಪೀಣ್ಯ_ಲೋಡು
ಸೆಕೆಂಡ್ ಹ್ಯಾಂಡ್ ಪಿಕಪ್ ನೋಡ್ತಿದ್ದೀನಿ. ಎರಡೂ 2021ರ ಗಾಡಿ, ಬಿಎಸ್6 (2020ರಿಂದ ಬಂದ ಹೊಗೆ ನಿಯಮ) ಪ್ರಕಾರ ಮಾಡಿದ್ದು. ಒಂದು 2.5 ಲೀಟರ್ ಡೀಸೆಲ್, ಇನ್ನೊಂದು 1.2 ಲೀಟರ್ ಪೆಟ್ರೋಲ್. ಪೀಣ್ಯದ ಸುತ್ತ ದಿನಕ್ಕೆ 50 ಕಿ.ಮೀ., ಹದಿನೈದು ಕಡೆ ನಿಲ್ಲಿಸಬೇಕು, ಲೋಡು 500–600 ಕೆ.ಜಿ. ಡೀಸೆಲ್ ಇಂಜಿನ್ನೇ ಗಟ್ಟಿ ಅಂತಾರೆ, ಈಗಲೂ ನಿಜವಾ? ಐದು ವರ್ಷಕ್ಕೆ ಯಾವುದರ ಖರ್ಚು ಕಡಿಮೆ?

ಉತ್ತರ – ಪಾನಾ_ತುಮಕೂರು
ಗಟ್ಟಿ ಅನ್ನೋದು ಬ್ಲಾಕು, ಕ್ರ್ಯಾಂಕಿನ ಮಾತು. ಡೀಸೆಲ್ಲಿನ ಕಂಪ್ರೆಷನ್ 16–18 ಪಟ್ಟು ಇರೋದರಿಂದ ಅವನ್ನು ದಪ್ಪಗೇ ಮಾಡಿರ್ತಾರೆ, ಅದು ಈಗಲೂ ನಿಜ. ಆದರೆ ಬಿಎಸ್6ರಲ್ಲಿ ಕೆಡೋದು ಬ್ಲಾಕಲ್ಲ, ಅದರ ಸುತ್ತ ಕೂರಿಸಿರೋ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್), ಇಜಿಆರ್ (ಹೊಗೆಯ ಒಂದು ಪಾಲನ್ನ ವಾಪಸ್ ಇಂಜಿನ್ನಿಗೆ ಬಿಡೋದು), ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋದು), ಇಂಜೆಕ್ಟರ್ (ಡೀಸೆಲ್ ಚಿಮ್ಮಿಸೋದು).

ಡಿಪಿಎಫ್‌ನಲ್ಲಿ ಕೂತ ಮಸಿ ಸುಡೋಕೆ ಸುಮಾರು 600 ಡಿಗ್ರಿ ಶಾಖ ಬೇಕು. ಅದಕ್ಕಾಗಿ ಇಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಬಿಡುತ್ತೆ. ಅರ್ಧದಲ್ಲೇ ಗಾಡಿ ಆಫ್ ಮಾಡ್ತಾ ಹೋದರೆ ಸುಡದ ಡೀಸೆಲ್ ರಿಂಗುಗಳ ಸಂದಿಯಿಂದ ಆಯಿಲಿಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಕಮ್ಮಿ ಆಗೋ ಬದಲು ಮೇಲಿನ ಗೆರೆ ದಾಟಿರುತ್ತೆ, ಬೆರಳಲ್ಲಿ ಉಜ್ಜಿದರೆ ಜಿಡ್ಡೇ ಇರಲ್ಲ, ಡೀಸೆಲ್ ವಾಸನೆ. ಆ ಆಯಿಲಲ್ಲಿ ಓಡಿಸಿದರೆ ಮೊದಲು ಹೋಗೋದು ಟರ್ಬೊ ಬೇರಿಂಗ್.

ಡಿಪಿಎಫ್ ದೀಪ ಬಂದರೆ ಹೈವೇಗೆ ಹಾಕಿ, ಆರ್‌ಪಿಎಂ 2000ದ ಮೇಲಿಟ್ಟು 20–30 ನಿಮಿಷ ನಿಲ್ಲಿಸದೆ ಓಡಿಸಿ. ಆಯಿಲ್ ಸಿಕೆ-4 (ಡೀಸೆಲ್ ಇಂಜಿನ್ ಆಯಿಲಿನ ಒಂದು ಗ್ರೇಡು) ಥರ, ಉರಿದಾಗ ಬೂದಿ ಕಮ್ಮಿ ಬಿಡೋದೇ ಬೇಕು. ಮಸಿ ಸುಡುತ್ತೆ, ಬೂದಿ ಸುಡಲ್ಲ, ಡಿಪಿಎಫ್‌ನಲ್ಲೇ ಉಳಿಯುತ್ತೆ. ನಿಮ್ಮ ಓಡಾಟಕ್ಕೆ ಪೆಟ್ರೋಲೇ ಸರಿ.

ಉತ್ತರ – ಘಾಟಿ_ಸಕಲೇಶಪುರ
ಒಪ್ತೀನಿ, ಆದರೆ ಪೆಟ್ರೋಲಿಗೆ ಹೀಟು ಆಗಿಬರಲ್ಲ. ಕೂಲೆಂಟ್ ಕಮ್ಮಿ ಆಗಿ ಬಿಸಿಯಾದರೆ ಅಲ್ಯುಮಿನಿಯಂ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತೆ. ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ಬಣ್ಣದ ಕೆನೆ ಕಟ್ಟಿದ್ದರೆ ಸಂಶಯ ಪಡಿ.

ಸ್ಪಾರ್ಕ್ ಪ್ಲಗ್ ನಿಕ್ಕಲ್‌ದಾದರೆ 30–40 ಸಾವಿರ ಕಿ.ಮೀ.ಗೆ ಬದಲಿಸಿ. ಮಿಸ್ಸಿಂಗ್ (ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರೋದು) ಇಟ್ಟುಕೊಂಡೇ ಓಡಿಸಿದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡೋ ಡಬ್ಬಿಗೆ) ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತೆ. ಪ್ಲಗ್ಗಿನ ದುಡ್ಡು ಉಳಿಸಿ ಅದರ ಹತ್ತಾರು ಪಟ್ಟು ಕೊಡಬೇಕಾಗುತ್ತೆ. 2021ರ ಗಾಡಿ ಇ20ಗೆ (20% ಎಥನಾಲ್ ಬೆರೆಸಿದ ಪೆಟ್ರೋಲಿಗೆ) ಅಂತ ಮಾಡಿದ್ದಲ್ಲದಿದ್ದರೆ ಪೆಟ್ರೋಲ್ ಪೈಪು, ಸೀಲುಗಳಲ್ಲಿ ಬಿರುಕು ಇದೆಯಾ ನೋಡಿಸಿ. ಪೆಟ್ರೋಲ್ ಇಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಮ್ಮಿ, ಹಾಗಾಗಿ ಏರಿನಲ್ಲಿ ಹಾಫ್ ಕ್ಲಚ್ ಹಿಡಿದರೆ ಪ್ಲೇಟ್ ಬೇಗ ಸವೆಯುತ್ತೆ. ಟನ್ನಿಗಿಂತ ಜಾಸ್ತಿ ಲೋಡು, ಶಿರಾಡಿ ಥರ ಘಾಟಿ ಇದ್ದರೆ ಮಾತ್ರ ಡೀಸೆಲ್.

ಉತ್ತರ – ನಾಜಲ್_ಹುಬ್ಬಳ್ಳಿ
ಡೀಸೆಲ್ ಬೇಕಂದ್ರೆ ಇಂಜೆಕ್ಟರ್ ನೋಡಿಸದೆ ಅಡ್ವಾನ್ಸ್ ಕೊಡಬೇಡಿ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ (ಮಿಕ್ಕ ಡೀಸೆಲ್ ವಾಪಸ್ ಹೋಗೋ ಪೈಪ್) ಬಿಚ್ಚಿ ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು, ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಿ. ಒಂದು ಬಾಟಲಿ ಮಾತ್ರ ತುಂಬ್ತಾ ಬಂದರೆ ಆ ಇಂಜೆಕ್ಟರ್ ಸವೆದಿದೆ.

ಇಂಜೆಕ್ಟರ್‌ಗೆ ಜಾರುವಿಕೆ ಕೊಡೋದು ಡೀಸೆಲ್ಲೇ, ನೀರು ಸೇರಿದರೆ ಒಳಗೆ ಗೀರು ಬೀಳುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಫಿಲ್ಟರ್ ಕೆಳಗಿನ ಡ್ರೈನ್ ಸಡಿಲಿಸಿ 100 ಮಿ.ಲೀ. ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಮಣಿಮಣಿಯಾಗಿ ನಿಲ್ಲುತ್ತೆ.

ಪೀಣ್ಯ_ಲೋಡು
ಡಿಪಿಎಫ್ ತೆಗೆಸಿರೋ ಗಾಡಿ ಅಂತ ಹೇಗೆ ಗೊತ್ತಾಗುತ್ತೆ?

ಪಾನಾ_ತುಮಕೂರು
ಇಂಜಿನ್ ತಣ್ಣಗಿದ್ದಾಗ ಬಿಳಿ ಬಟ್ಟೆ ಸುತ್ತಿದ ಬೆರಳನ್ನ ಸೈಲೆನ್ಸರ್ ಬಾಯೊಳಗೆ ಆಡಿಸಿ. ಡಿಪಿಎಫ್ ಸರಿಯಿದ್ದರೆ ಬಟ್ಟೆಗೆ ಹೆಚ್ಚೆಂದರೆ ಧೂಳು ಹತ್ತುತ್ತೆ. ಕಾಡಿಗೆ ಥರ ಮಸಿ ಮೆತ್ತಿಕೊಂಡರೆ ಒಂದೋ ಫಿಲ್ಟರ್ ಒಡೆದಿದೆ, ಇಲ್ಲ ಒಳಗೆ ಖಾಲಿ ಡಬ್ಬಿ ಇದೆ.