ಅಭ್ಯಾಸ ಮಾಡಿಸಿ ಕಲಿಸುವ ಆನ್‌ಲೈನ್ ತರಬೇತಿ: ಮೊದಲ ಬ್ಯಾಚ್‌ಗೆ ಮುಂಚೆ ಏನೇನು ಸಿದ್ಧವಿರಬೇಕು?

ಪ್ರಶ್ನೆ: ನಮ್ಮದು ನಾಲ್ಕು ಜನರ ಸ್ಟಾರ್ಟಪ್. ಗ್ರಾಹಕರ ಕರೆ ನಿಭಾಯಿಸುವುದು, ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಡೇಟಾ ವಿಶ್ಲೇಷಣೆ, ಹೀಗೆ ಎರಡು ಕೋರ್ಸ್ ಶುರು ಮಾಡುತ್ತಿದ್ದೇವೆ. ಬರೀ ಪಾಠ ಕೇಳಿಸದೆ ಮಾಡಿಸಿಯೇ ಕಲಿಸಬೇಕು ಅನ್ನುವುದು ಉದ್ದೇಶ. ಮೊದಲ ಬ್ಯಾಚ್‌ಗೆ 200 ಜನ. ಸಮಯ, ಹಣ ಎಲ್ಲಿ ಹಾಕಬೇಕು? ಎಲ್ಲಿ ಕೈಕೊಡುತ್ತದೆ?

ಕೋರ್ಸ್ ವಿನ್ಯಾಸ ಮಾಡುವವರು: ವಿಡಿಯೊ ಚಿತ್ರೀಕರಣಕ್ಕೆ ಇಳಿಯುವ ಮೊದಲು ತಿದ್ದುವವರ ಗಂಟೆ ಲೆಕ್ಕ ಹಾಕಿ. 200 ಜನ, ವಾರಕ್ಕೆ ತಲಾ ಎರಡು ಸಲ್ಲಿಕೆ, ಒಂದರ ಧ್ವನಿಮುದ್ರಣ ಕೇಳಿ ಟಿಪ್ಪಣಿ ಬರೆಯಲು 12 ನಿಮಿಷ ಅಂದರೆ ವಾರಕ್ಕೆ 80 ಗಂಟೆ. ಇಷ್ಟು ಗಂಟೆ ಕೈಯಲ್ಲಿಲ್ಲದೆ ಶುರು ಮಾಡಿದರೆ ಎರಡನೇ ವಾರದಲ್ಲೇ ಸಲ್ಲಿಕೆಗಳು ರಾಶಿ ಬೀಳುತ್ತವೆ. ಟಿಪ್ಪಣಿ ತಡವಾದಷ್ಟೂ ತಾನು ಯಾಕೆ ಹಾಗೆ ಮಾಡಿದೆ ಅನ್ನುವುದೇ ಕಲಿಯುವವರಿಗೆ ಮರೆತಿರುತ್ತದೆ. ಎರಡು ದಿನದೊಳಗೆ ಕೊಡಿ.

ಎರಡು ಸಲ್ಲಿಕೆ ಅಂದದ್ದು ಬೇರೆ ಬೇರೆ ಅಭ್ಯಾಸಗಳಿಗಲ್ಲ, ಒಂದೇ ಅಭ್ಯಾಸಕ್ಕೆ. ಒಮ್ಮೆ ಮಾಡಿ, ಟಿಪ್ಪಣಿ ಓದಿ, ಅದನ್ನೇ ಮತ್ತೆ ಮಾಡಬೇಕು. ಎರಡನೇ ಸಲ ಮಾಡುವ ಅವಕಾಶ ಇಲ್ಲದಿದ್ದರೆ ನೀವು ನಡೆಸುತ್ತಿರುವುದು ಪರೀಕ್ಷೆ, ಅಭ್ಯಾಸವಲ್ಲ. ಈ ವಿಷಯದಲ್ಲಿ ಮಾತ್ರ ದಯವಿಟ್ಟು ರಾಜಿಯಾಗಬೇಡಿ.

ಇನ್ನು ಅಂಕದ ಅಳತೆಪಟ್ಟಿ. ‘ಸಹಾನುಭೂತಿ: 5ಕ್ಕೆ ಎಷ್ಟು?’ ಅಂತ ಬರೆದರೆ ಒಬ್ಬರು 2 ಹಾಕುತ್ತಾರೆ, ಇನ್ನೊಬ್ಬರು 4. ಕಿವಿಗೆ ಕೇಳಿಸುವುದನ್ನೇ ಬರೆಯಿರಿ: ಗ್ರಾಹಕರ ಮಾತು ಮುಗಿಯುವವರೆಗೆ ಕಾದರೇ? ದೂರನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿ ಖಚಿತಪಡಿಸಿಕೊಂಡರೇ? ಮುಂದೆ ಏನು, ಯಾರು, ಯಾವಾಗ ಅನ್ನುವುದನ್ನು ಹೇಳಿದರೇ? ಉತ್ತರ ಹೌದು ಅಥವಾ ಇಲ್ಲ. ಒಂದು ಕರೆಗೆ ಆರು ಸಾಲು ಸಾಕು. ಆಮೇಲೆ ಹತ್ತು ಧ್ವನಿಮುದ್ರಣಗಳನ್ನು ಎಲ್ಲ ತಿದ್ದುವವರಿಗೂ ಕೊಟ್ಟು, ಒಬ್ಬರದನ್ನೊಬ್ಬರು ನೋಡದೆ ಅಂಕ ಹಾಕಿಸಿ. ಯಾವ ಸಾಲಿನಲ್ಲಿ ಭಿನ್ನಾಭಿಪ್ರಾಯ ಹೆಚ್ಚೋ ಮೊದಲು ಆ ಸಾಲಿನ ಮಾತನ್ನು ತಿದ್ದಿ, ಜನರನ್ನಲ್ಲ. ಶೇಕಡಾವಾರು ಒಮ್ಮತ ಒಂದನ್ನೇ ನಂಬಬೇಡಿ. ಬಹುತೇಕ ಎಲ್ಲದಕ್ಕೂ ‘ಹೌದು’ ಬರುವ ಸಾಲಿನಲ್ಲಿ ಆಕಸ್ಮಿಕವಾಗಿಯೂ ಒಮ್ಮತ ಕಾಣಿಸುತ್ತದೆ. ಆ ಪಾಲನ್ನು ಕಳೆದು ಇಬ್ಬರ ಒಮ್ಮತ ನೋಡಲೆಂದೇ ಕೋಹೆನ್ ಕಪ್ಪಾ ಅನ್ನುವ ಅಳತೆ ಇದೆ.

ಕೋಡ್ ಪರೀಕ್ಷಕ ಕಟ್ಟುವವರು: ಎಸ್‌ಕ್ಯೂಎಲ್ ಭಾಗದ ಹೆಚ್ಚಿನ ತಿದ್ದುವಿಕೆ ಯಂತ್ರಕ್ಕೆ ಬಿಡಬಹುದು. ಆದರೆ ಮೊದಲ ದಿನವೇ ಎಡವುವ ಜಾಗಗಳಿವೆ. ‘ಆರ್ಡರ್ ಬೈ’ (ಸಾಲುಗಳನ್ನು ಕ್ರಮವಾಗಿ ಇಡುವ ಆದೇಶ) ಕೇಳದ ಪ್ರಶ್ನೆಯಲ್ಲಿ ಸಾಲುಗಳ ಕ್ರಮಕ್ಕೆ ಖಾತ್ರಿಯಿಲ್ಲ. ಕ್ರಮ ಬಿಟ್ಟು ಹೋಲಿಸದಿದ್ದರೆ ಸರಿ ಉತ್ತರಕ್ಕೂ ‘ತಪ್ಪು’ ಅಂತ ಬರುತ್ತದೆ. ದಶಮಾಂಶ ಸಂಖ್ಯೆಗಳನ್ನು ದುಂಡಾಗಿಸಿಯೇ ಹೋಲಿಸಿ. ತೋರಿಸಿದ ಡೇಟಾ ಒಂದು, ಪರೀಕ್ಷಿಸುವ ಡೇಟಾ ಇನ್ನೊಂದು ಇರಲಿ. ಇಲ್ಲವಾದರೆ ಉತ್ತರದ ಸಂಖ್ಯೆಯನ್ನೇ ನೇರವಾಗಿ ಬರೆದು ದಾಟಿಬಿಡುತ್ತಾರೆ. ಪ್ರತಿಯೊಬ್ಬರ ಕೋಡ್ ಪ್ರತ್ಯೇಕ ಕಂಟೇನರ್‌ನಲ್ಲಿ (ಸರ್ವರ್‌ನೊಳಗೆ ಉಳಿದವರಿಂದ ಬೇರ್ಪಡಿಸಿದ ಜಾಗ) ಓಡಲಿ: ನೆಟ್‌ವರ್ಕ್ ಬಂದ್, ಸಮಯ 10 ಸೆಕೆಂಡ್, ಮೆಮೊರಿ 256 ಎಂಬಿ. ಈ ಮಿತಿಗಳಿಲ್ಲದೆ ಒಬ್ಬರು ಷರತ್ತು ಮರೆತು ಎರಡು ದೊಡ್ಡ ಟೇಬಲ್ ಜೋಡಿಸಿದರೂ ಸಾಕು, ಎಲ್ಲರಿಗೂ ಸರ್ವರ್ ನಿಲ್ಲುತ್ತದೆ.

ಪರೀಕ್ಷಾ ಡೇಟಾದಲ್ಲಿ ಕೆಲಸದಲ್ಲಿ ನಿಜಕ್ಕೂ ಆಗುವ ತಪ್ಪನ್ನು ಬೇಕೆಂದೇ ಇಡಿ. ಉದಾಹರಣೆಗೆ, ಒಂದೇ ಆರ್ಡರ್‌ಗೆ ಎರಡು ಕಂತಿನ ಪಾವತಿ. ಆರ್ಡರ್ ಮತ್ತು ಪಾವತಿ ಟೇಬಲ್ ಜೋಡಿಸಿ ಆರ್ಡರ್ ಮೊತ್ತ ಕೂಡಿದರೆ ಅದು ಎರಡು ಸಲ ಸೇರುತ್ತದೆ. ‘ಉತ್ತರ ತಪ್ಪು’ ಅಂತ ತೋರಿಸಿ ಸುಮ್ಮನಾಗಬೇಡಿ. ‘ಜೋಡಿಸುವ ಮೊದಲು ಎಷ್ಟು ಸಾಲು, ಜೋಡಿಸಿದ ಮೇಲೆ ಎಷ್ಟು, ಎಣಿಸಿ ನೋಡಿ’ ಅನ್ನುವ ಸುಳಿವು ಕೊಡಿ. ಈ ಎಣಿಕೆಯ ರೂಢಿ ಬಂದರೆ ಮುಂದೆ ಅವರ ವರದಿಗಳನ್ನು ನಂಬಬಹುದು.

ಮಾಧ್ಯಮ ತಾಂತ್ರಿಕರು: ಕರೆ ಅಭ್ಯಾಸಕ್ಕೆ ವಿಡಿಯೊ ಬೇಡ. 64 ಕೆಬಿಪಿಎಸ್ ಮೊನೊ ಧ್ವನಿ ನಿಮಿಷಕ್ಕೆ ಅರ್ಧ ಎಂಬಿಯೂ ಆಗುವುದಿಲ್ಲ. 2 ಎಂಬಿಪಿಎಸ್ ವಿಡಿಯೊ 15 ಎಂಬಿ ನುಂಗುತ್ತದೆ. ಅಪ್‌ಲೋಡ್ ತುಂಡು ತುಂಡಾಗಿ ಹೋಗಲಿ, ಕಡಿದರೆ ನಿಂತಲ್ಲಿಂದ ಮುಂದುವರಿಯಲಿ. ಧ್ವನಿಮುದ್ರಣ ಶುರುವಾಗುವ ಮೊದಲು ಐದು ಸೆಕೆಂಡಿನ ಮೈಕ್ ಪರೀಕ್ಷೆ ಕಡ್ಡಾಯ ಮಾಡಿ, ಇಲ್ಲವಾದರೆ ಖಾಲಿ ಫೈಲುಗಳು ಬಂದು ಬೀಳುತ್ತವೆ.

ಕಂಪನಿಗಳಿಗೆ ಕೋರ್ಸ್ ಜೋಡಿಸಿಕೊಡುವವರು: ಮುಂದೆ ಕಂಪನಿಗಳಿಗೆ ಮಾರುವ ಯೋಚನೆಯಿದ್ದರೆ ಸ್ಕಾರ್ಮ್ ಪ್ಯಾಕೇಜ್ ಕೇಳುತ್ತಾರೆ, ಅಂದರೆ ಕಂಪನಿಯ ಸ್ವಂತ ಕಲಿಕಾ ತಂತ್ರಾಂಶದಲ್ಲಿ ಓಡುವಂತೆ ಒಂದು ಸಾಮಾನ್ಯ ಮಾನದಂಡದಲ್ಲಿ ಕಟ್ಟಿದ ಕೋರ್ಸ್. ಸ್ಕಾರ್ಮ್ 1.2ರಲ್ಲಿ ಅರ್ಧಕ್ಕೆ ನಿಲ್ಲಿಸಿದ ಸ್ಥಿತಿ ಉಳಿಸಲು ಇರುವುದು 4096 ಅಕ್ಷರ ಮಾತ್ರ. ಕವಲೊಡೆಯುವ ಸಂಭಾಷಣೆಯ ಪ್ರತಿ ಆಯ್ಕೆಯನ್ನೂ ಅದರಲ್ಲಿ ತುಂಬಿದರೆ ಮಿತಿ ದಾಟಿ, ಕಲಿಯುವವರು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಅಲ್ಲಿ ಬರೀ ಗುರುತು ಸಂಖ್ಯೆ ಇಡಿ, ವಿವರ ನಿಮ್ಮ ಸರ್ವರ್‌ನಲ್ಲಿರಲಿ.

ಪ್ರಶ್ನೆ ಕೇಳಿದವರು: ತಿದ್ದಲು ಎಐ ಬಳಸಬಹುದೇ? 200 ಜನರನ್ನು ಒಟ್ಟಿಗೆ ತೆಗೆದುಕೊಳ್ಳಬಾರದೇ?

ಕೋರ್ಸ್ ವಿನ್ಯಾಸ ಮಾಡುವವರು: ಎಐ ಕರಡು ಟಿಪ್ಪಣಿ ಬರೆಯಲಿ, ಅಂಕ ಮನುಷ್ಯರೇ ಹಾಕಲಿ. ಪ್ರತಿ ಸಾಲಿಗೂ ಕಲಿಯುವವರು ಆಡಿದ ಮಾತನ್ನೇ ಸಾಕ್ಷಿಯಾಗಿ ಎತ್ತಿ ತೋರಿಸಬೇಕು ಅಂತ ಅದಕ್ಕೆ ಸೂಚಿಸಿ. ಸಾಕ್ಷಿಯಿಲ್ಲದ ಟಿಪ್ಪಣಿ ಕಳಿಸಬೇಡಿ. ಒಂದೇ ಕರೆಯನ್ನು ಎರಡು ಸಲ ಕೊಟ್ಟು ನೋಡಿ, ತೀರ್ಪು ಬದಲಾಗುವ ಸಾಲುಗಳು ಗೊತ್ತಾಗುತ್ತವೆ.

200 ಜನರನ್ನು ತೆಗೆದುಕೊಳ್ಳಿ, ಆದರೆ ಗಡುವು ಒಂದೇ ದಿನ ಇಡಬೇಡಿ. ಎಲ್ಲರೂ ಕೊನೆಯ ರಾತ್ರಿಯೇ ಕಳಿಸುತ್ತಾರೆ. 40 ಜನರ ಐದು ಗುಂಪು ಮಾಡಿ, ವಾರದ ಐದು ದಿನಕ್ಕೆ ಹಂಚಿ. ಎರಡು ಸಲ್ಲಿಕೆಗಳನ್ನೂ ಸೇರಿಸಿ ದಿನಕ್ಕೆ 16 ಗಂಟೆಯ ಕೆಲಸ ಬರುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೊಡುವ ನಾಲ್ವರಿದ್ದರೆ ಸಾಗುತ್ತದೆ. ರಜೆ ಹಾಕುವವರ ಜಾಗಕ್ಕೆ ಐದನೆಯವರನ್ನೂ ಅದೇ ಹತ್ತು ಧ್ವನಿಮುದ್ರಣಗಳಲ್ಲಿ ಮೊದಲೇ ಪಳಗಿಸಿಟ್ಟುಕೊಳ್ಳಿ.