ಸಹಾಯ ಬೇಕು: 1972ರ ಎಂಜಿಬಿ, ಏರ್ ಪಂಪ್ ತೆಗೆಯಬಹುದಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹೋದ ವರ್ಷ 1972ರ ಎಂಜಿಬಿ ಅನ್ನೋ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತಗೊಂಡೆ. 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್. ಈ ಗಾಡಿ ಅಂದ್ರೆ ನನಗೆ ತುಂಬಾ ಪ್ರೀತಿ.

ಈಗ ಏರ್ ಪಂಪಿನ (ಹೊಗೆಯ ಮಾಲಿನ್ಯ ಕಡಿಮೆಯಾಗಲಿ ಅಂತ ಎಕ್ಸಾಸ್ಟಿಗೆ ಗಾಳಿ ಊದುವ ಪಂಪ್) ಬೇರಿಂಗ್ ಕಿರುಚುತ್ತಿದೆ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಸೈಲೆನ್ಸರಿನಲ್ಲಿ ಪಟಪಟ ಅಂತ ಸದ್ದು ಬರುತ್ತೆ, ಅದಕ್ಕೆ ಗಲ್ಪ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿಗೆ ಸ್ವಲ್ಪ ಹೆಚ್ಚು ಗಾಳಿ ಬಿಡುವ ವಾಲ್ವ್) ಕೆಟ್ಟಿರಬೇಕು ಅಂತ ನನ್ನ ಅನುಮಾನ. ಮೆಕ್ಯಾನಿಕ್ ಎಲ್ಲವನ್ನೂ ಕಿತ್ತು ಹಾಕಿ, ಸಿಲಿಂಡರ್ ಹೆಡ್ಡಿನಲ್ಲಿ ಗಾಳಿ ಹೋಗುವ ನಾಲ್ಕು ತೂತು ಮುಚ್ಚೋಣ ಅಂತಾರೆ. ಇಲ್ಲಿ 1975 ಮತ್ತು ಅದಕ್ಕೂ ಹಳೆಯ ಗಾಡಿಗಳಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ, ನಿಜ. ಆದರೆ ಚೆಕ್ ಇಲ್ಲ ಅಂದ ಮಾತ್ರಕ್ಕೆ ತೆಗೆಯಲು ಕಾನೂನು ಬಿಡುವುದಿಲ್ಲ ಅಲ್ವಾ? ಹಾಗಾಗಿ ರಿಪೇರಿ ಮಾಡಿಸುವ ಕಡೆಗೇ ನನ್ನ ಮನಸ್ಸು. ಆ ಪಂಪ್ ಇಂಜಿನ್ ಶಕ್ತಿಯನ್ನು ತಿನ್ನುವುದೂ ಬಹಳ ಕಡಿಮೆ.

ಇದ್ದಿಲಿನ ಡಬ್ಬಿಯನ್ನಂತೂ ನಾನು ಮುಟ್ಟಲ್ಲ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಹಿಡಿದಿಡುವುದೇ ಅದು, ಇಂಜಿನ್ ಒಳಗೆ ಗಾಳಿಯಾಡುವುದೂ ಅದರ ಮೂಲಕವೇ. ಸುಮ್ನೆ ಕಿತ್ತರೆ ಗ್ಯಾರೇಜೆಲ್ಲಾ ಪೆಟ್ರೋಲ್ ವಾಸನೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಈ ಹಳೆಯ ಪಂಪಿಗೆ ಬೇರಿಂಗ್ ಬದಲಾಯಿಸಿದವರು ಯಾರಾದರೂ ಇದ್ದೀರಾ? ಗಲ್ಪ್ ವಾಲ್ವ್ ಕೆಟ್ಟಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ? ಪಂಪ್ ತೆಗೆದು ಆಮೇಲೆ ಮತ್ತೆ ಹಾಕಿಸಿದವರಿದ್ದರೆ ದಯವಿಟ್ಟು ಬರೆಯಿರಿ, ನಿಮ್ಮ ಅನುಭವ ನನಗೆ ಬೇಕೇ ಬೇಕು. ಬಾನೆಟ್ ಒಳಗಿನ ಫೋಟೋ ಬೇಕಿದ್ದರೆ ಇವತ್ತು ಸಂಜೆಯೇ ಹಾಕುತ್ತೇನೆ.